ಜಸುಮತಿ ಕೋರ್ಟಿನ ನಾಲ್ಕನೇ ಮೂಲೆ

1971ರಲ್ಲಿ, ಎಂಟನೇ ತರಗತಿಯ ಅರ್ಧದಲ್ಲಿ, ನಾನು ಓದು ನಿಲ್ಲಿಸಿದೆ. ಬಡತನದಿಂದ ಬಿಟ್ಟೆ ಎಂದು ಬರೆದರೆ ಓದುವವರು ಮರುಗುತ್ತಾರೆ, ಆದರೆ ಅದು ಸುಳ್ಳಾಗುತ್ತದೆ. ಮನೆಯಲ್ಲಿ ಊಟಕ್ಕೆ ತೊಂದರೆ ಇರಲಿಲ್ಲ. ನಂಜನಗೂಡಿನ ಅಕ್ಕಿ ಗಿರಣಿಯ ಆಯಿಲ್ ಎಂಜಿನ್ ಹೇಳುವುದು ನನಗೆ ಅರ್ಥವಾಗುತ್ತಿತ್ತು, ಲೆಕ್ಕದ ಮೇಷ್ಟರು ಹೇಳುವುದು ಅರ್ಥವಾಗುತ್ತಿರಲಿಲ್ಲ. ಅಷ್ಟೇ ವಿಷಯ. ಅಪ್ಪ ನಾಲ್ಕು ದಿನ ಮಾತು ಬಿಟ್ಟರು. ಐದನೆಯ ದಿನ ನಟ್ಟು ಬಿಗಿಯುವ ಒಂದು ಪಾನಾ ಸೆಟ್ ತಂದು ಮುಂದಿಟ್ಟು, “ಇದನ್ನಾದ್ರೂ ನೆಟ್ಟಗೆ ಹಿಡಿ” ಅಂದರು.

ನೆಟ್ಟಗೆ ಹಿಡಿದೆ. ಎಂಜಿನ್‌ನಿಂದ ಪಂಪಿಗೆ, ಪಂಪಿನಿಂದ ಬೋರ್‌ವೆಲ್ಲಿಗೆ ಬಂದೆ. 1984ರಲ್ಲಿ ನೈರೋಬಿಯ ಎಂಬಕಸಿಯ ಒಂದು ಕಾರ್ಖಾನೆಗೆ ಪಂಪ್ ಮೆಕ್ಯಾನಿಕ್ ಆಗಿ ಬಂದೆ. ಅಲ್ಲಿಂದ 1990ರಲ್ಲಿ ಅದೇ ಊರಿನ ಕಿಲಿಮಾನಿಯ ಜಸುಮತಿ ಕೋರ್ಟ್ ಎಂಬ ಕಟ್ಟಡಕ್ಕೆ ಸೇರಿ ಇಪ್ಪತ್ತೆಂಟು ವರ್ಷ ಅದನ್ನು ನೋಡಿಕೊಂಡೆ. ಈಗ ಈ ಕೆಲಸಕ್ಕೆ ಬರುವ ಹುಡುಗರು ಡಿಪ್ಲೊಮಾ ಮಾಡಿರುತ್ತಾರೆ. ಅವರ ಕಾರ್ಡಿನ ಮೇಲೆ ಫೆಸಿಲಿಟಿ ಮ್ಯಾನೇಜರ್ ಎಂದು ಅಚ್ಚಾಗಿರುತ್ತದೆ. ನನ್ನನ್ನು ಎಲ್ಲರೂ ಫುಂಡಿ ಎನ್ನುತ್ತಿದ್ದರು. ಸ್ವಾಹಿಲಿಯಲ್ಲಿ ಬಡಗಿಯೂ ಫುಂಡಿ, ದರ್ಜಿಯೂ ಫುಂಡಿ, ಕೈಕೆಲಸ ಬಲ್ಲವರೆಲ್ಲ ಫುಂಡಿ. ಕಾರ್ಡಿನವರಿಗೆ ಅವರ ಹೆಸರಿನ ಮೇಲೆ ಎಷ್ಟು ಅಭಿಮಾನವಿದೆಯೋ ಗೊತ್ತಿಲ್ಲ, ನನಗೆ ಈ ಹೆಸರಿನ ಮೇಲೆ ಬಹಳ ಇತ್ತು. ಈ ಕಥೆಯಲ್ಲಿ ಕೆಡುಕು ಮಾಡಿದ್ದೂ ಆ ಅಭಿಮಾನವೇ.

ಜಸುಮತಿ ಕೋರ್ಟ್ ಎಂದರೆ ಮೂರು ಅಂತಸ್ತು, ಹದಿನೆಂಟು ಮನೆ, ಹಳದಿ ಬಣ್ಣ. ಎದುರಿಗೆ ಎರಡು ಜಕರಂಡಾ ಮರ. ಅಕ್ಟೋಬರಿನಲ್ಲಿ ಹೂ ಉದುರಿ ಕಾರುಗಳೆಲ್ಲ ನೇರಳೆಯಾಗುತ್ತಿದ್ದವು. ಹಿತ್ತಲಲ್ಲಿ ಬೋರ್‌ವೆಲ್, ಸಂಪು, ಬಟ್ಟೆ ಒಣಗಿಸುವ ತಂತಿ, ನಾನೂ ಹೆಂಡತಿ ಜಯಮ್ಮನೂ ಇದ್ದ ಒಂದು ಕೋಣೆಯ ಮನೆ, ಅದರಾಚೆ ಆಳೆತ್ತರದ ಮುಳ್ಳುಬೇಲಿ. ಬೇಲಿಯ ಆಚೆ ಪಕ್ಕದವರ ಪ್ಲಾಟು.

ಕಟ್ಟಿಸಿದವರು ಹಸ್ಮುಖ್‌ಭಾಯಿ, ಇಲ್ಲೇ ಹುಟ್ಟಿದ ಗುಜರಾತಿ. ತಾಯಿಯ ಹೆಸರನ್ನು ಕಟ್ಟಡಕ್ಕೆ ಇಟ್ಟಿದ್ದರು. ಅವರು ಹಿಂದಿಯಲ್ಲಿ ಬೈಯುತ್ತಿದ್ದರು, ನಾನು ಮೈಸೂರು ಹಿಂದಿಯಲ್ಲಿ ಕೇಳಿಸಿಕೊಳ್ಳುತ್ತಿದ್ದೆ. ಮೊದಲ ದಿನವೇ ನನ್ನನ್ನು ಮಹಡಿಗೆ ಹತ್ತಿಸಿ, ಟ್ಯಾಂಕನ್ನು ಬೆರಳಿನ ಉಂಗುರದಿಂದ ಕೆಳಗಿಂದ ಮೇಲಕ್ಕೆ ತಟ್ಟುತ್ತ ಹೋದರು. ಸದ್ದು ಒಂದು ಕಡೆ ಬದಲಾಯಿತು. “ನೀರು ಇಲ್ಲೀವರೆಗೆ ಇದೆ. ಬೆಳಿಗ್ಗೆ ಎದ್ದು ಮೊದಲು ಟ್ಯಾಂಕು ತಟ್ಟು, ಆಮೇಲೆ ದೇವರಿಗೆ ಕೈ ಮುಗಿ. ದೇವರು ಕಾಯ್ತಾನೆ, ಮೂರನೇ ಮಹಡಿಯ ಹೆಂಗಸರು ಕಾಯಲ್ಲ” ಅಂದರು. ಈಗ ಟ್ಯಾಂಕಿಗೆ ಸೆನ್ಸರ್ ಬಂದಿದೆ, ನೀರಿನ ಮಟ್ಟ ಫೋನಿನಲ್ಲೇ ಕಾಣುತ್ತದೆ. ಒಳ್ಳೆಯದೇ. ಆದರೂ ತಟ್ಟಿ ನೋಡಿ. ಸೆನ್ಸರ್ ಕೆಟ್ಟಾಗ ಅದೂ ಚೆನ್ನಾಗಿದ್ದೇನೆ ಎಂದೇ ತೋರಿಸುತ್ತಿರುತ್ತದೆ, ಮನುಷ್ಯರ ಹಾಗೆ.

ಮೊದಲ ತಿಂಗಳಲ್ಲೇ ಒಂದು ಅವಾಂತರ ಮಾಡಿದೆ. ಹದಿನಾಲ್ಕನೇ ಮನೆಯ ನಲ್ಲಿ ರಿಪೇರಿಗೆಂದು ಏಳನೇ ಮನೆಯ ವಾಲ್ವು ಮುಚ್ಚಿದೆ. ಏಳನೇ ಮನೆಯಲ್ಲಿದ್ದವರು ಶ್ರೀಕಂಠಯ್ಯ, ಔಷಧಿ ಕಾರ್ಖಾನೆಯ ಮ್ಯಾನೇಜರು, ನಮ್ಮ ಮೈಸೂರಿನ ಕೃಷ್ಣಮೂರ್ತಿಪುರಂನವರು. ಮುಖದ ತುಂಬ ಸೋಪು, ಸೊಂಟಕ್ಕೆ ಟವೆಲು, ಹಾಗೇ ಇಳಿದು ಬಂದರು.

“ಯಾವ ಊರ್ರೀ ನಿಮ್ದು?”

“ನಂಜನಗೂಡು ಸಾರ್.”

“ಅದೇ ಅನ್ಕೊಂಡೆ. ಕಪಿಲಾ ನದಿ ಪಕ್ಕ ಹುಟ್ಟಿದೋರಿಗೆ ನಲ್ಲಿ ಬೆಲೆ ಹೆಂಗೆ ಗೊತ್ತಾಗ್ಬೇಕು?”

ಅಂದಿನಿಂದ ನಮ್ಮಿಬ್ಬರ ಸ್ನೇಹ. ಸ್ನೇಹ ಎಂದರೆ ಅವರು ಚುಚ್ಚುವುದು, ನಾನು ಸಾರ್ ಸಾರ್ ಎನ್ನುವುದು. ಅವರ ಹೆಂಡತಿ ಸರೋಜಮ್ಮ ಮಾತ್ರ ನನ್ನ ಕೆಲಸ ಬಲ್ಲವರು. ಅವರ ಕೈಯ ಕಾಫಿ ಕುಡಿಯದೆ ಅವರ ಮನೆಯ ಒಂದು ವಾಷರನ್ನೂ ನಾನು ಬದಲಾಯಿಸಿದ್ದಿಲ್ಲ.

1996ರಲ್ಲಿ ಈ ಸರೋಜಮ್ಮ ಹಿತ್ತಲಿಗೆ ಬಂದು, “ನಂಜುಂಡಪ್ಪ, ಇಷ್ಟು ಜಾಗ ಇದೆ, ಒಂದು ತುಳಸಿ ಕಟ್ಟೆ ಇಲ್ವಲ್ಲ” ಅಂದರು. ಹಸ್ಮುಖ್‌ಭಾಯಿಯವರನ್ನು ಕೇಳಿದಾಗ ಅವರೂ ಸಂತೋಷದಿಂದ ಒಪ್ಪಿದರು. ಸಂಪಿನ ಪಕ್ಕ ಕಟ್ಟೋಣ ಎಂದರೆ ಸರೋಜಮ್ಮ ಒಪ್ಪಲಿಲ್ಲ. ಕೈಯಲ್ಲಿದ್ದ ಸಣ್ಣ ದಿಕ್ಸೂಚಿ ತಿರುಗಿಸಿ ನೋಡಿ, ಬೇಲಿಯ ಕೊನೆಗೆ ನಡೆದು ನಿಂತರು. “ಇದು ಈಶಾನ್ಯ. ಇಲ್ಲೇ. ಒಂದಡಿ ಆ ಕಡೆ ಈ ಕಡೆ ಆಗ್ಬಾರ್ದು.”

ಅಲ್ಲಿ ಕಳೆ ಕಿತ್ತಾಗ ಒಂದು ಮೊಳ ಚದರದ ಸಿಮೆಂಟಿನ ಕಲ್ಲು ಕಂಡಿತು. ನಡುವಿನಿಂದ ನಾಲ್ಕು ಬೆರಳು ಎತ್ತರಕ್ಕೆ ಕಬ್ಬಿಣದ ಗೂಟ ನಿಂತಿತ್ತು. ನನಗೆ ಖುಷಿಯೋ ಖುಷಿ. ಯಾರೋ ಪುಣ್ಯಾತ್ಮರು ಬುನಾದಿ ಹಾಕಿಟ್ಟು ಹೋಗಿದ್ದಾರೆ ಎಂದುಕೊಂಡೆ. ಅದರ ಮೇಲೆ ಕಂಬಿಗಳನ್ನು ಬೈಂಡಿಂಗ್ ವೈರಿನಿಂದ ಕಟ್ಟಿ, ಒಂದು ಪಾಲು ಸಿಮೆಂಟಿಗೆ ಎರಡೇ ಪಾಲು ಮರಳು ಬೆರೆಸಿ, ಕಾಂಕ್ರೀಟು ಹಾಕಿದೆ. ನಾಲ್ಕೂ ಕಡೆ ಚೌಕಟ್ಟು, ಮುಂದೆ ದೀಪದ ಗೂಡು. ಮುಗಿದ ಮೇಲೆ ಸರೋಜಮ್ಮನಿಗೆ ಹೇಳಿದ ಮಾತು ಇಂದಿಗೂ ನೆನಪಿದೆ: “ಅಮ್ಮಾ, ಬಿಲ್ಡಿಂಗ್ ಬಿದ್ರೂ ಇದು ಬೀಳಲ್ಲ.”

ಆ ಕಟ್ಟೆ ಬರಬರುತ್ತ ಎಲ್ಲರದೂ ಆಯಿತು. ಗುಜರಾತಿ ಹೆಂಗಸರು ಕಾರ್ತಿಕದಲ್ಲಿ ದೀಪ ಹಚ್ಚಿದರು. ಗೇಟಿನ ಕಾವಲುಗಾರ ಮುತುವಾ ಕೆಲಸಕ್ಕೆ ಸೇರಿದ ಮೇಲೆ ಅದರ ಪಕ್ಕವೇ ಸೈಕಲ್ ನಿಲ್ಲಿಸತೊಡಗಿದ. ಆತ ಚರ್ಚಿಗೆ ಹೋಗುವ ಮನುಷ್ಯ. ಯಾಕೆ ಅಲ್ಲಿ ಎಂದು ಕೇಳಿದರೆ, “ಇಲ್ಲಿಂದ ಯಾರೂ ಕದಿಯಲ್ಲ ಫುಂಡಿ” ಎನ್ನುತ್ತಿದ್ದ.

ಇನ್ನು ನೆಲದ ವಿಷಯ. ಹೊಸಬರು ಇದನ್ನು ತಿಳಿದಿರಬೇಕು. ಹದಿನೆಂಟು ಮನೆಯವರು ದುಡ್ಡು ಕೊಟ್ಟೇ ಮನೆ ಕೊಂಡಿದ್ದರು, ಆದರೆ ಕೊಂಡದ್ದು ತೊಂಬತ್ತೊಂಬತ್ತು ವರ್ಷದ ಲೀಸನ್ನು. ಗೋಡೆಯೊಳಗಿನ ಗಾಳಿ ಅವರದು. ನೆಲ, ಹಿತ್ತಲು, ಬೋರ್‌ವೆಲ್ ಎಲ್ಲ ಹಸ್ಮುಖ್‌ಭಾಯಿಯವರದು. ಅವರು ಇರುವಷ್ಟು ದಿನ ಯಾರಿಗೂ ಆ ವ್ಯತ್ಯಾಸ ಗೊತ್ತಾಗಲಿಲ್ಲ. 2014ರ ಜನವರಿಯಲ್ಲಿ ಅವರು ಎಲ್ಲರನ್ನೂ ಹಿತ್ತಲಿನಲ್ಲಿ ಸೇರಿಸಿ, ವಯಸ್ಸಾಯಿತು, ಏಪ್ರಿಲ್ ಒಂದಕ್ಕೆ ಮಗನ ಬಳಿ ಲಂಡನ್ನಿಗೆ ಹೋಗುತ್ತೇನೆ, ನೆಲ ಮಾರುತ್ತೇನೆ ಎಂದರು. ಕೊಳ್ಳಲು ಒಬ್ಬ ಬಿಲ್ಡರ್ ಆಗಲೇ ತಯಾರಿದ್ದ. ಅವನಿಗೆ ಬೇಕಾದದ್ದು ಹಿತ್ತಲು. ಅಲ್ಲಿ ಹನ್ನೆರಡು ಅಂತಸ್ತು ಎಬ್ಬಿಸುವ ಆಲೋಚನೆ. ಮನೆಗಳು ಉಳಿಯುತ್ತವೆ, ಆದರೆ ನೀರು, ಬಿಸಿಲು, ಕಾರಿನ ಜಾಗ ಉಳಿಯುವುದಿಲ್ಲ. ನಾನೂ ಜಯಮ್ಮನೂ ಇದ್ದ ಕೋಣೆಯೂ ಉಳಿಯುವುದಿಲ್ಲ.

“ಮೊದಲ ಹಕ್ಕು ನಿಮ್ಮದು. ಹದಿನೆಂಟು ಜನರೂ ಸೇರಿ ಒಂದು ಕಂಪನಿ ಮಾಡಿ, ಕಂಪನಿ ಹೆಸರಿಗೆ ಕೊಳ್ಳಿ. ಆದರೆ ಹದಿನೆಂಟು ಅಂದರೆ ಹದಿನೆಂಟು. ಹದಿನೇಳು ತಂದರೆ ಬಿಲ್ಡರಿಗೆ” ಎಂದರು ಹಸ್ಮುಖ್‌ಭಾಯಿ.

ಅದಕ್ಕೆಂದು ಒಂದು ಕಮಿಟಿ ಆಯಿತು, ಶ್ರೀಕಂಠಯ್ಯನವರು ಅದರ ಕಾರ್ಯದರ್ಶಿಯಾದರು. ಸಹಿ ಹಾಕಿಸುವ ಓಡಾಟ ನನಗೆ ಬಿತ್ತು. ಹದಿನೇಳು ಸಹಿ ಎರಡು ವಾರದಲ್ಲಿ ಬಂದವು. ಹನ್ನೆರಡನೇ ಮನೆಯ ವಾಂಬುಯಿ ಟೀಚರ್ ಮಾತ್ರ ಬಾಗಿಲಲ್ಲೇ ನಿಲ್ಲಿಸಿದರು. ಶ್ರೀಕಂಠಯ್ಯ ಎರಡು ಸಲ ಹೋಗಿ ಕಾನೂನು ವಿವರಿಸಿದರು, ವಕೀಲರನ್ನು ಕರೆದುಕೊಂಡು ಹೋದರು. ಆಗಲಿಲ್ಲ. ಮೂರನೆಯ ಸಲ ನಾನೊಬ್ಬನೇ ಹೋದೆ. ಆಕೆ ಬೆರಳೆತ್ತಿ ಸ್ನಾನದ ಮನೆಯ ಚಾವಣಿ ತೋರಿಸಿದರು. ಭಾರತದ ಭೂಪಟದಂಥ ಒಂದು ತೇವದ ಕಲೆ.

“ನಾಲ್ಕು ವರ್ಷದಿಂದ ಹೇಳ್ತಿದ್ದೀನಿ ಫುಂಡಿ. ನಾಳೆ ಅಂದಿರಿ. ಸ್ವಂತ ಚಾವಣಿ ಒಣಗಿಸೋಕೆ ಆಗದವರು ನನಗೆ ನೆಲ ಕೊಡಿಸ್ತೀರಾ?”

ತಲೆ ತಗ್ಗಿಸಿ ಬಂದು, ಮೇಲಿನ ಮನೆಯ ಟೈಲ್ಸು ಎಬ್ಬಿಸಿ, ಮೂರು ದಿನದಲ್ಲಿ ಸೋರಿಕೆ ನಿಲ್ಲಿಸಿದೆ. ಒಂದು ವಾರ ಆಕೆ ಚಾವಣಿ ನೋಡಿದರು. ಎಂಟನೆಯ ದಿನ ತಾವೇ ಇಳಿದು ಬಂದು, ನನ್ನ ಬೆನ್ನ ಮೇಲೆ ಕಾಗದ ಇಟ್ಟುಕೊಂಡು ಸಹಿ ಹಾಕಿದರು. ಹುಡುಗರಿಗೆ ನಾನು ಹೇಳುವುದು ಇಷ್ಟೇ: ಸಹಿ ಕೇಳುವ ಮೊದಲು ಸೋರಿಕೆ ನಿಲ್ಲಿಸಿ.

ಎಲ್ಲ ಸರಿಹೋಯಿತು ಎಂದುಕೊಂಡಾಗ ಸರ್ವೆ ಬಂತು. ಕೊಳ್ಳುವ ಮೊದಲು ನೆಲದ ನಾಲ್ಕು ಮೂಲೆ ಗುರುತಿಸಿ ವರದಿ ಕೊಡಬೇಕಿತ್ತು. ಮಾರ್ಚ್ ಮೂರನೇ ವಾರದ ಒಂದು ಸೋಮವಾರ ಸರ್ವೆಯರ್ ಕಮಾವು ಬಂದರು, ಮೂವತ್ತೈದರ ವಯಸ್ಸು, ಬಹಳ ಮರ್ಯಾದೆಯವರು, ನನ್ನನ್ನು ಮ್ಜೀ ಎಂದು ಕರೆದರು. ಮ್ಜೀ ಎಂದರೆ ಯಜಮಾನರೇ ಎಂದ ಹಾಗೆ. ರಸ್ತೆಯ ಕಡೆಯ ಒಂದು ಮೂಲೆಯಲ್ಲಿ ಅಗೆಸಿದರು. ಮಣ್ಣು ಸರಿದಾಗ, “ನೋಡಿ ಮ್ಜೀ, ಬೀಕನ್ ಅಂದ್ರೆ ಇದು. ಸರ್ಕಾರದ ಗುರುತು. ಇದನ್ನ ಯಾರೂ ಮುಟ್ಟಬಾರದು” ಎಂದರು.

ಮೊಳ ಚದರದ ಸಿಮೆಂಟಿನ ಕಲ್ಲು. ನಡುವಿನಿಂದ ನಾಲ್ಕು ಬೆರಳು ಎತ್ತರದ ಕಬ್ಬಿಣದ ಗೂಟ.

ಹದಿನೆಂಟು ವರ್ಷದ ಹಿಂದಿನ ಕಳೆ, ಬೇಲಿ, ನನ್ನ ಖುಷಿ, ಎಲ್ಲ ಒಟ್ಟಿಗೆ ಕಣ್ಣೆದುರು ಬಂತು. ಆಗಲೇ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ.

ರಸ್ತೆಯ ಕಡೆಯ ಎರಡೂ ಮೂಲೆ ಸಿಕ್ಕಿದವು. ಹಿಂದಿನ ಎಡಮೂಲೆಯದನ್ನು ಹಿಂದೊಮ್ಮೆ ಚರಂಡಿ ಕೊಳವೆ ಹಾಕುವವರು ಕಿತ್ತು ಹಾಕಿದ್ದರು, ಅದು ಎಲ್ಲರಿಗೂ ಗೊತ್ತಿತ್ತು. ಉಳಿದದ್ದು ಹಿಂದಿನ ಬಲಮೂಲೆ, ನಾಲ್ಕನೆಯದು. ಅದು ಸಿಕ್ಕರೆ ಹಿಂದಿನ ಗಡಿ ಖಚಿತ. ಸಿಗದಿದ್ದರೆ ಕಚೇರಿಯ ಹಳೇ ದಾಖಲೆ ತೆಗೆಸಬೇಕು, ತಿಂಗಳುಗಟ್ಟಲೆ ಬೇಕು, ನಮಗಿದ್ದದ್ದು ಎರಡೇ ವಾರ. ಅದೇ ಹೊತ್ತಿಗೆ ಪಕ್ಕದ ಪ್ಲಾಟಿನ ಮ್ಯಾನೇಜರು ಬೇಲಿಯ ಆಚೆಯಿಂದ ಇಣುಕಿ, “ಬೇಲಿ ನೆಟ್ಟಿದ್ದು ನಮ್ಮ ಜಾಗದಲ್ಲಿ. ನಿಮ್ಮ ಬೋರ್‌ವೆಲ್ ನಮ್ಮದು” ಎಂದು ಶುರುಮಾಡಿದ. ಗಡಿಯ ಜಗಳ ಇರುವ ನೆಲವನ್ನು ಕೊಳ್ಳಬೇಡಿ ಎಂದರು ನಮ್ಮ ವಕೀಲರು.

ಆ ಸೋಮವಾರ ಮತ್ತು ಮಂಗಳವಾರ ನಾನು ಏನು ಮಾಡಿದೆ ಎಂಬುದನ್ನು ಬರೆಯಲು ಇಂದಿಗೂ ನಾಚಿಕೆ. ಕಮಾವು ಅವರ ಜೊತೆ ನಾನೂ ಅಗೆದೆ. ಬೇಲಿಯ ಬುಡದಲ್ಲಿ, ತಂತಿ ಕಂಬದ ಬಳಿ, ಹಿಂದೆ ಸೀಬೆ ಮರವಿದ್ದ ಜಾಗದಲ್ಲಿ. ತುಳಸಿ ಕಟ್ಟೆಯ ಸುತ್ತ ಮೂರು ಕಡೆ ಅಗೆದೆ, ಕಟ್ಟೆಯನ್ನು ಮುಟ್ಟಲಿಲ್ಲ. ಕಮಾವು ಅದನ್ನು ದೇವರ ಜಾಗ ಎಂದು ತಿಳಿದು ತಾವಾಗಿಯೇ ದೂರ ನಿಂತರು. ನನ್ನ ಭಯ ಬೇರೆಯೇ ಇತ್ತು. ಆ ಗೂಟವನ್ನು ನಾನು ಕತ್ತರಿಸಿದೆನೋ ಇಲ್ಲವೋ ನೆನಪಾಗುತ್ತಿರಲಿಲ್ಲ. ಚಾಚಿಕೊಂಡಿರುವ ಕಬ್ಬಿಣ ಕಂಡರೆ ಗರಗಸ ಹಾಕುವುದು ನನ್ನ ಚಾಳಿ. ಕತ್ತರಿಸಿದ್ದರೆ ಸರ್ಕಾರದ ಗುರುತು ಕತ್ತರಿಸಿದವನು ನಾನು. ಕಟ್ಟೆ ಒಡೆದು ಒಳಗೆ ಏನೂ ಇಲ್ಲದಿದ್ದರೆ ಮರ್ಯಾದೆಯೂ ಹೋಯಿತು, ತುಳಸಿಯೂ ಹೋಯಿತು, ನೆಲವೂ ಹೋಯಿತು. ಇಪ್ಪತ್ತನಾಲ್ಕು ವರ್ಷ ಫುಂಡಿ, ಫುಂಡಿ ಎಂದು ಕರೆದ ಜನ ನನ್ನನ್ನು ಹೇಗೆ ನೋಡುತ್ತಾರೆ ಎಂಬುದೊಂದೇ ತಲೆಯಲ್ಲಿತ್ತು.

ಬುಧವಾರ ಬೆಳಿಗ್ಗೆ ಕಮಿಟಿಯವರು ಹಿತ್ತಲಲ್ಲಿ ಸೇರಿದರು. ಯಾರೋ ಒಬ್ಬರು ಗುಜರಿಯ ಮಾತೆತ್ತಿದರು. ಆಗ ನೈರೋಬಿಯಲ್ಲಿ ಮ್ಯಾನ್‌ಹೋಲ್ ಮುಚ್ಚಳ, ಕಂಬಿ, ಏನು ಸಿಕ್ಕಿದರೂ ಕಿತ್ತು ಗುಜರಿಗೆ ಹಾಕುವವರಿದ್ದರು. ಶ್ರೀಕಂಠಯ್ಯನವರು ಗೇಟಿನ ಕಡೆ ತಿರುಗಿದರು.

“ಹಿತ್ತಲಲ್ಲಿ ರಾತ್ರಿ ಹಗಲು ಓಡಾಡೋದು ಯಾರು? ಆ ಮುತುವಾನೇ. ದಿನಾ ಸೈಕಲ್ ನಿಲ್ಸೋದೂ ಆ ಮೂಲೇಲೇ. ಕಿತ್ತು ಮಾರಿರ್ತಾನೆ, ಇನ್ನೇನು?”

ಮುತುವಾನನ್ನು ಕರೆಸಿದರು. ಆತ ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತ. “ನಾನು ಕಂಡೇ ಇಲ್ಲ ಬಾಸ್” ಎಂದ. ಎರಡು ಸಲ ಹೇಳಿದ. ಮೂರನೆಯ ಸಲ ಕೇಳಿದಾಗ ನನ್ನ ಕಡೆ ನೋಡಿದ. ಅನುಮಾನದಿಂದ ಅಲ್ಲ, ಫುಂಡಿ ಒಂದು ಮಾತು ಹೇಳಿಯಾನು ಎಂದು. ನಾನು ಸಲಿಕೆಯ ಮಣ್ಣು ಕೆರೆಯುತ್ತ ನಿಂತಿದ್ದೆ. ಶುಕ್ರವಾರದೊಳಗೆ ಒಪ್ಪಿಕೊಳ್ಳದಿದ್ದರೆ ಕೆಲಸದಿಂದ ತೆಗೆಯುವುದು ಎಂದು ತೀರ್ಮಾನಿಸಿ ಎಲ್ಲರೂ ಹೋದರು.

ಮನೆಗೆ ಬಂದರೆ ಜಯಮ್ಮ ಮುದ್ದೆ ಇಟ್ಟಳು. ಇಲ್ಲಿನ ಮೆಕ್ಕೆಜೋಳದ ಹಿಟ್ಟಿನಲ್ಲೇ ಮುದ್ದೆ ತೊಳಸುವುದನ್ನು ಅವಳು ರೂಢಿ ಮಾಡಿಕೊಂಡಿದ್ದಳು. ನಾನು ಮುರಿಯಲಿಲ್ಲ.

“ಯಾಕ್ರೀ, ಮೈ ಸರಿಯಿಲ್ವಾ?”

“ಆ ಗೂಟ ಎಲ್ಲಿದೆ ಅಂತ ನಂಗೆ ಗೊತ್ತು ಕಣೇ.”

ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡು, ಸೌಟು ಕೆಳಗಿಟ್ಟಳು.

“ಅಂದ್ರೆ ಗೊತ್ತಿದ್ದೂ ಎರಡು ದಿನದಿಂದ ಗುಂಡಿ ತೋಡ್ತಾ ಇದ್ದೀರಾ?”

“ಹೂಂ.”

“ಆ ಮುತುವಾಗೆ ಮೂರು ಮಕ್ಳು. ನಿಮ್ಮ ಮಗಳ ಮದ್ವೆ ದಿನ ಗೇಟಲ್ಲಿ ನಿಂತು, ಬಂದೋರಿಗೆಲ್ಲ ಕೊಡೆ ಹಿಡಿದೋನು ಅವ್ನು.” ಆಮೇಲೆ ನನ್ನ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡಳು. “ಹೇಳ್ಬುಟ್ಟು ಬನ್ನಿ. ಬಂದ್ಮೇಲೆ ಊಟ.”

ಹೋದೆ. ಮೊದಲು ಸರೋಜಮ್ಮನ ಹತ್ತಿರ, ಕಟ್ಟೆ ಅವರದು ಎಂದು. ಶ್ರೀಕಂಠಯ್ಯನವರೂ ಅಲ್ಲೇ ಕಾಗದ ಹರಡಿಕೊಂಡು ಕೂತಿದ್ದರು. ನಿಂತೇ ಎಲ್ಲ ಹೇಳಿದೆ. ಶ್ರೀಕಂಠಯ್ಯ ಕನ್ನಡಕ ತೆಗೆದರು, ಹಾಕಿದರು, ಮತ್ತೆ ತೆಗೆದರು.

“ನಂಜುಂಡಪ್ಪ, ನಿಮ್ಮಂಥ ಬುದ್ಧಿವಂತ ನಂಜನಗೂಡಲ್ಲೇ ಇದ್ದಿದ್ರೆ ನದೀನೂ ದಿಕ್ಕು ತಪ್ತಿತ್ತು ಕಣ್ರೀ.”

“ಸಾರ್, ನಾನು ರಾಜೀನಾಮೆ ಕೊಡ್ತೀನಿ.”

“ಇಂಗ್ಲಿಷಲ್ಲಿ ಬರೀಬೇಕು. ಬರುತ್ತಾ?”

“ಇಲ್ಲ ಸಾರ್.”

“ಹಾಗಿದ್ರೆ ಸುಮ್ನೆ ಕೆಲ್ಸ ಮಾಡಿ.”

“ಅವರೊಬ್ಬರದೇನು ತಪ್ಪು? ಒಂದಡಿ ಆ ಕಡೆ ಈ ಕಡೆ ಆಗ್ಬಾರ್ದು ಅಂದೋಳು ನಾನಲ್ವಾ” ಎಂದರು ಸರೋಜಮ್ಮ. ಆಮೇಲೆ ಗಂಡನಿಗೆ, “ನೀವು ಮೊದ್ಲು ಗೇಟಿಗೆ ಹೋಗಿ” ಎಂದರು.

ಶ್ರೀಕಂಠಯ್ಯನವರು ಎರಡು ಲೋಟ ಚಹಾ ಹಿಡಿದು ತಾವೇ ಇಳಿದು ಹೋದರು. ನಾನೂ ಹಿಂದೆ ಹೋದೆ. ಒಂದು ಲೋಟ ಮುತುವಾನಿಗೆ ಕೊಟ್ಟು, ತಪ್ಪಾಯಿತು ಎಂದರು. ಅಷ್ಟು ದೊಡ್ಡ ಮ್ಯಾನೇಜರ ಬಾಯಲ್ಲಿ ಆ ಮಾತು ಕೇಳಿದ್ದು ಅದೊಂದೇ ಸಲ. ನಾನೂ ಹೇಳಿದೆ. ನನ್ನದು ದೊಡ್ಡ ತಪ್ಪು, ಮಾತು ಮಾತ್ರ ಚಿಕ್ಕದಾಗಿ ಬಂತು. ಮುತುವಾ ಚಹಾ ಕುಡಿದು ಮುಗಿಸಿ, ಲೋಟ ಕೆಳಗಿಟ್ಟ.

“ಗುಜರಿಗೆ ಮಾರೋದಾದ್ರೆ ಒಂದು ಗೂಟ ಯಾಕೆ ಮಾರ್ತೀನಿ ಬಾಸ್? ಈ ಗೇಟನ್ನೇ ಮಾರ್ತಿದ್ದೆ. ಕೀಲಿ ನನ್ನ ಹತ್ರಾನೇ ಇದೆ” ಎಂದ.

ಶ್ರೀಕಂಠಯ್ಯ ನಕ್ಕರು. ಮುತುವಾ ನಗಲಿಲ್ಲ. ನನ್ನ ಕಡೆಗಂತೂ ನೋಡಲೂ ಇಲ್ಲ.

ಕಮಾವು ಮತ್ತೆ ಬರಲು ಸಾಧ್ಯವಿದ್ದದ್ದು ಶುಕ್ರವಾರ ಒಂದೇ ದಿನ; ಶನಿವಾರ ಅವರು ಬೇರೆ ಊರಿನ ಕೆಲಸಕ್ಕೆ ಹೋಗುವವರಿದ್ದರು. ಶುಕ್ರವಾರ ತುಳಸಿಯನ್ನು ಕೀಳಬಾರದು ಎಂದು ಗುಜರಾತಿ ಹೆಂಗಸರು ತಡೆದರು. ಕಟ್ಟೆಯ ಸುತ್ತ ಏಳೆಂಟು ಜನ ಹೆಂಗಸರು, ಕೈಯಲ್ಲಿ ಹಾರೆ ಹಿಡಿದ ನಾನು, ಗಡಿಯಾರ ನೋಡುವ ಕಮಾವು. ಸರೋಜಮ್ಮ ಮಡಿಸೀರೆ ಉಟ್ಟು ಒಂದು ಖಾಲಿ ಬಣ್ಣದ ಡಬ್ಬ ಹಿಡಿದು ಬಂದರು.

“ಕೀಳೋದು ಬೇಡ. ಮಣ್ಣು ಸಮೇತ ಇಳ್ಸೋಣ. ಬಾಡಿಗೆ ಮನೇಲಿರೋರು ಶುಕ್ರವಾರ ಮನೆ ಬದಲಾಯ್ಸಲ್ವಾ? ಹಾಗೇನೇ.”

ತಾವೇ ಬುಡದ ಸುತ್ತ ಬಿಡಿಸಿ, ಗಿಡವನ್ನು ಮಗುವಿನ ಹಾಗೆ ಎತ್ತಿ ಡಬ್ಬಕ್ಕೆ ಇಳಿಸಿದರು. ಅರಿಶಿನ ಕುಂಕುಮ ಹಾಕಿ, “ಈಗ ಒಡೀರಿ” ಎಂದರು.

ಒಡೆಯಲು ಶುರುಮಾಡಿದೆ. ಬಿಲ್ಡಿಂಗ್ ಬಿದ್ದರೂ ಇದು ಬೀಳುವುದಿಲ್ಲ ಎಂದಿದ್ದೆನಲ್ಲ, ಆ ಮಾತನ್ನು ಕಟ್ಟೆ ನೆನಪಿಟ್ಟುಕೊಂಡಿತ್ತು. ಏಳು ಗಂಟೆಗೆ ಶುರುಮಾಡಿದವನು ಹತ್ತಕ್ಕೆ ಬರೀ ದೀಪದ ಗೂಡು ಬಿಡಿಸಿದ್ದೆ. ಉಳಿಯ ತುದಿ ಎರಡು ಸಲ ಮುರಿಯಿತು. ನೆರವಿಗೆ ಬಂದವರನ್ನು ಬೇಡ ಎಂದೆ. ಅಷ್ಟು ಗಟ್ಟಿ ಕಟ್ಟಿದ ಕೈಯನ್ನು ಒಂದು ಕಡೆ ಬೈಯುತ್ತಿದ್ದೆ, ಇನ್ನೊಂದು ಕಡೆ, ಸುಳ್ಳು ಯಾಕೆ ಹೇಳಲಿ, ಮೆಚ್ಚುತ್ತಲೂ ಇದ್ದೆ. ಐವತ್ತೇಳು ವರ್ಷದ ನಾನು ಮೂವತ್ತೊಂಬತ್ತು ವರ್ಷದ ನನ್ನ ಜೊತೆ ಕುಸ್ತಿ ಮಾಡಿದ ಹಾಗಿತ್ತು. ಹನ್ನೊಂದಕ್ಕೆ ಅವನೇ ಗೆಲ್ಲುತ್ತಿದ್ದ. ಆಗ ಇನ್ನೊಂದು ಹಾರೆ ನನ್ನ ಹಾರೆಯ ಪಕ್ಕ ಬಂದು ಬಿತ್ತು. ಮುತುವಾ. ಅವನಿಗೆ ಬೇಡ ಎನ್ನಲಿಲ್ಲ. ಇಬ್ಬರೂ ಒಂದರ ಮೇಲೊಂದು ಏಟು ಹಾಕಿದೆವು.

ಹನ್ನೆರಡೂವರೆಯ ಹೊತ್ತಿಗೆ ತಳದ ಚಪ್ಪಡಿ ಬಿರುಕು ಬಿಟ್ಟು ಎರಡಾಯಿತು. ಮುತುವಾ ಒಂದು ತುಂಡನ್ನು ಮೀಟಿ ಎತ್ತಿದ. ಕೆಳಗೆ ಹಳೆಯ ಸಿಮೆಂಟಿನ ಕಲ್ಲು, ನಡುವೆ ಗೂಟ, ಗೂಟಕ್ಕೆ ನನ್ನ ಬೈಂಡಿಂಗ್ ವೈರು, ನಾನೇ ಹಾಕಿದ ಎರಡೂವರೆ ಸುತ್ತಿನ ಗಂಟು. ಕಮಾವು ಮಂಡಿಯೂರಿ ಬ್ರಷ್ಷಿನಿಂದ ಒರೆಸಿದರು. ಗೂಟದ ಕತ್ತಿನಲ್ಲಿ ಒಂದು ಗೆರೆ. ಗರಗಸದ ಗೆರೆ, ದಾರದಷ್ಟು ಆಳ.

ಆಗ ಎಲ್ಲ ನೆನಪಾಯಿತು. ಗರಗಸ ಹಾಕಿದ್ದೆ, ನಾಲ್ಕೈದು ಸಲ ಎಳೆದೂ ಇದ್ದೆ. ಮೇಲಿಂದ ಸರೋಜಮ್ಮ, “ನಂಜುಂಡಪ್ಪ, ಕಾಫಿ ಆರೋಗುತ್ತೆ ಬನ್ನಿ” ಎಂದು ಕರೆದಿದ್ದರು. ಹೋದೆ, ಕುಡಿದೆ, ವಾಪಸ್ಸು ಬಂದು ಗರಗಸ ಮರೆತು ಕಂಬಿ ಕಟ್ಟಿದೆ. ಅಷ್ಟೇ. ಜಸುಮತಿ ಕೋರ್ಟಿನ ನೆಲ ಒಂದು ಲೋಟ ಕಾಫಿಯಿಂದ ಉಳಿದಿತ್ತು.

ಕಮಾವು ಯಂತ್ರ ಇಟ್ಟು ಅಳೆದರು. ಬೇಲಿ ಇದ್ದಲ್ಲೇ ಗಡಿ, ಬೋರ್‌ವೆಲ್ ನಮ್ಮ ಕಡೆ ಆರಡಿ ಒಳಗೆ. ಪಕ್ಕದ ಪ್ಲಾಟಿನ ಮ್ಯಾನೇಜರು ಬಂದು ನೋಡಿ, ಬಂದ ದಾರಿಯಲ್ಲೇ ಹೋದ. ಕಮಾವು ಕಾಗದ ಮಡಿಸುತ್ತ ನನಗೆ ಸಮಾಧಾನ ಹೇಳಿದರು: “ನೀವು ಮುಚ್ಚದೇ ಇದ್ದಿದ್ರೆ ಚರಂಡಿಯವರು ಇದನ್ನೂ ಕಿತ್ತು ಹಾಕ್ತಿದ್ರೇನೋ ಮ್ಜೀ.” ಇರಬಹುದು. ಆ ಮಾತನ್ನು ನಾನು ಎಂದೂ ಯಾರ ಎದುರಿಗೂ ನನ್ನ ಪರವಾಗಿ ಹೇಳಿಕೊಂಡಿಲ್ಲ.

ಮುತುವಾ ಹಾರೆಯ ಮೇಲೆ ಒರಗಿ ಬೆವರು ಒರೆಸಿಕೊಂಡ. ಮೂರು ದಿನದಲ್ಲಿ ಮೊದಲ ಸಲ ನನ್ನ ಮುಖ ನೋಡಿದ. “ಫುಂಡಿ, ಹದಿನೆಂಟು ವರ್ಷ ನಿನ್ನ ದೇವರು ಇದರ ಮೇಲೇ ಕೂತಿದ್ದ. ಅವನು ನನಗಿಂತ ಒಳ್ಳೆ ಕಾವಲುಗಾರ. ಸಂಬಳಾನೂ ಕೇಳಲ್ಲ.”

“ಅಸಾಂಟೆ, ಮುತುವಾ” ಎಂದೆ. ಧನ್ಯವಾದ ಹೇಳಲು ಆ ಒಂದು ಪದ ಸಾಲದು ಎಂದು ಇಬ್ಬರಿಗೂ ಗೊತ್ತಿತ್ತು.

ಮಾರ್ಚ್ ಕೊನೆಗೆ ಕಾಗದಗಳಿಗೆ ಸಹಿ ಬಿತ್ತು. ನೆಲ ಹದಿನೆಂಟು ಮನೆಯವರ ಕಂಪನಿಯ ಹೆಸರಿಗೆ ಬಂತು. ಹಸ್ಮುಖ್‌ಭಾಯಿ ಹೊರಡುವ ಹಿಂದಿನ ದಿನ ಕೋಲೂರಿಕೊಂಡು ಮಹಡಿ ಹತ್ತಿದರು. ನಾನು ಬೇಡವೆಂದರೂ ಕೇಳಲಿಲ್ಲ. ಟ್ಯಾಂಕನ್ನು ಉಂಗುರದಿಂದ ಒಂದು ಸಲ ತಟ್ಟಿ, ಕಿವಿಗೊಟ್ಟು, “ಮುಕ್ಕಾಲು” ಎಂದರು. ಸೆನ್ಸರೂ ಮುಕ್ಕಾಲೇ ತೋರಿಸುತ್ತಿತ್ತು. ಆ ಉಂಗುರವನ್ನು ನನಗೆ ಕೊಟ್ಟು ಹೋದರು ಎಂದು ಬರೆದರೆ ಚೆನ್ನಾಗಿರುತ್ತಿತ್ತು; ಕೊಡಲಿಲ್ಲ, ಬೆರಳಲ್ಲೇ ಹಾಕಿಕೊಂಡು ವಿಮಾನ ಹತ್ತಿದರು. ಮರುವಾರ ಮಳೆ ಹಿಡಿಯಿತು.

ತುಳಸಿಗೆ ಹೊಸ ಕಟ್ಟೆ ಕಟ್ಟಿದೆ, ಮೂಲೆಯಿಂದ ನಾಲ್ಕಡಿ ಒಳಗೆ. ಈಶಾನ್ಯ ಅಲ್ಲಿಗೂ ಬರುತ್ತದೆ ಎಂದು ಸರೋಜಮ್ಮ ಒಪ್ಪಿದರು. ಮರಳು ಒಂದಕ್ಕೆ ನಾಲ್ಕು ಹಾಕಿದೆ. ಮುಂದೆ ಯಾರಾದರೂ ಒಡೆಯಬೇಕಾಗಿ ಬಂದರೆ ಅವರ ಬೆನ್ನಿನ ಗತಿಯನ್ನೂ ನೋಡಬೇಕಲ್ಲ. ಗೂಟದ ಸುತ್ತ ನಾಲ್ಕು ಇಟ್ಟಿಗೆಯ ಗುಂಡಿ ಮಾಡಿ ಮುಚ್ಚಳ ಇಟ್ಟೆ. ಆಮೇಲೆ ಅಲ್ಲಿ ಕೆಲಸ ಮಾಡಿದ ನಾಲ್ಕು ವರ್ಷವೂ ಬೆಳಿಗ್ಗೆ ಟ್ಯಾಂಕು ತಟ್ಟಿದ ಮೇಲೆ ಆ ಮುಚ್ಚಳ ಎತ್ತಿ ನೋಡುತ್ತಿದ್ದೆ. ಹುಡುಗರೇ, ಹೊಸ ಕಟ್ಟಡಕ್ಕೆ ಸೇರಿದ ಮೊದಲ ವಾರ ನಾಲ್ಕೂ ಮೂಲೆ ಹುಡುಕಿ ಇಟ್ಟುಕೊಳ್ಳಿ. ಗೊತ್ತಿಲ್ಲದ ಕಬ್ಬಿಣಕ್ಕೆ ಗರಗಸ ಹಾಕಬೇಡಿ. ಹಾಕಿದ್ದರೆ ಅಂದೇ ಹೇಳಿ. ಎರಡು ದಿನದಲ್ಲಿ ಇನ್ನೊಬ್ಬನ ತಲೆ ಅದರ ಕೆಳಗೆ ಬಂದಿರುತ್ತದೆ.

2018ರಲ್ಲಿ ಬಿಟ್ಟೆ. ಹೊಸ ಮ್ಯಾನೇಜರಿಗೆ ನಲವತ್ತಮೂರು ಕೀಲಿಗಳ ಗೊಂಚಲು ಕೊಟ್ಟಾಗ, ಒಂದಕ್ಕೂ ಚೀಟಿ ಇಲ್ಲವಲ್ಲ ಎಂದು ಆತ ಗಾಬರಿಯಾದ. ನನಗೆ ಅವು ಬೆರಳಿಗೇ ಗೊತ್ತಿದ್ದವು. ಇಡೀ ದಿನ ಕೂತು ಚೀಟಿ ಕಟ್ಟಿಸಿದೆ. ಗೇಟಿನ ಹೊರಗೆ ಬಂದಾಗ ಸೊಂಟ ಹಗುರವಾಗಿ, ನಡಿಗೆ ಒಂದು ಕಡೆ ವಾಲಿತು. ಮುತುವಾ ನೋಡಿ, “ಕುಡಿದಿದ್ದೀಯಾ ಫುಂಡಿ?” ಎಂದ.

ಈಗ ನೈರೋಬಿಯಲ್ಲೇ, ಲಂಗಾಟಾದಲ್ಲಿ ಮಗಳ ಮನೆಯಲ್ಲಿದ್ದೇನೆ. ನನ್ನ ಬಳಿ ಇರುವುದು ಇಷ್ಟು. ಹೆಂಡತಿ ಜಯಮ್ಮ. ಒಬ್ಬ ಮಗಳು, ಅಳಿಯ. ಕನ್ನಡದಲ್ಲಿ ಬೈದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಇಬ್ಬರು ಮೊಮ್ಮಕ್ಕಳು. ಅಪ್ಪ ಕೊಟ್ಟ ಪಾನಾ ಸೆಟ್ ಒಂದು, ಅದರಲ್ಲಿ ಹದಿನಾಲ್ಕರ ಪಾನಾ ಇಲ್ಲ. ಗರಗಸ ಒಂದು. ಆ ಕಟ್ಟೆಯ ಗಿಡದ ಬೀಜದಿಂದ ಬಂದ ತುಳಸಿ ಒಂದು, ಬಣ್ಣದ ಡಬ್ಬದಲ್ಲಿದೆ. ಭಾನುವಾರ ಚರ್ಚು ಮುಗಿಸಿಕೊಂಡು ಸೈಕಲಿನಲ್ಲಿ ಬಂದು ಚಹಾ ಕುಡಿದು ಹೋಗುವ ಗೆಳೆಯ ಒಬ್ಬ. ಕೀಲಿ ಒಂದು, ಈ ಮನೆಯ ಮುಂಬಾಗಿಲಿನದು. ನೆಲ, ನನ್ನ ಹೆಸರಿನಲ್ಲಿ, ಎಲ್ಲೂ ಇಲ್ಲ.